ವೈದ್ಯರ ಕೆಲಸ ಮತ್ತು ನಮ್ಮ ಮಕ್ಕಳ ಮುಂದಿರುವ ದಾರಿಗಳು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಟ್ಟಿದ್ದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ ಈ ಸಲ ನಮ್ಮ ಕಾರ್ಯದರ್ಶಿಯವರು ಒಂದು ಹೊಸ ಕಾಲಂ ಸೇರಿಸಿದ್ದರು. 'ಮುಂದೆ ಏನಾಗಬೇಕೆಂದು ಆಸೆ?' ಅಂತ. ಅರ್ಧಕ್ಕಿಂತ ಹೆಚ್ಚು ಮಕ್ಕಳು 'ಡಾಕ್ಟರ್' ಅಂತ ಬರೆದಿದ್ದಾರೆ. ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರಿಗೂ ಸಂತೋಷವಾಯಿತು. ಆದರೆ ನಮ್ಮ ಹಿರಿಯ ನಿರ್ದೇಶಕರೊಬ್ಬರು, 'ಸರಿ, ಡಾಕ್ಟ್ರಾಗಿ ಏನು ಮಾಡ್ತಾರಂತೆ?' ಅಂದರು. ಯಾವ ಅರ್ಜಿಯಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಆ ಮಾತಿನ ಹೊರೆ ಇವತ್ತು ನಮ್ಮ ತಲೆಗೆ ಬಂದಿದೆ.

ಇನ್ನೊಂದು ಕಾರಣವೂ ಇದೆ. ಬೆಳ್ಳಿಹಬ್ಬದ ನೆನಪಿಗೆ ಒಂದು ವಿದ್ಯಾನಿಧಿ ಮಾಡಬೇಕು, ಎಂ.ಬಿ.ಬಿ.ಎಸ್. ಓದುವ ಸದಸ್ಯರ ಮಕ್ಕಳಿಗೆ ಅದರಿಂದ ನೆರವು ಕೊಡಬೇಕು, ಆದರೆ ಓದು ಮುಗಿದ ಮೇಲೆ ಇಷ್ಟು ವರ್ಷ ನಮ್ಮ ಊರಿನಲ್ಲೇ ಕೆಲಸ ಮಾಡುತ್ತೇವೆಂದು ಮೊದಲೇ ಬಾಂಡ್ ಬರೆಸಿಕೊಳ್ಳಬೇಕು ಎಂಬ ಒಂದು ಸಲಹೆ ಮುಂದಿನ ಮಹಾಸಭೆಗೆ ಬರಲಿದೆ. ಅದರ ಬಗ್ಗೆ ನಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳುತ್ತೇವೆ. ಮೊದಲು ಡಾಕ್ಟ್ರ ಕೆಲಸ ಏನು ಅಂತ ನೋಡೋಣ.

ನಾವು ಡಾಕ್ಟ್ರಲ್ಲ, ತೋಟ ಗದ್ದೆ ಮಾಡಿಕೊಂಡಿರುವವರು. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೂತು ಕಂಡದ್ದು, ಡಾಕ್ಟ್ರುಗಳನ್ನು ಕೇಳಿ ತಿಳಿದದ್ದು, ಓದಿದ್ದು, ಇಷ್ಟರ ಮೇಲೆ ಮಾತಾಡುತ್ತಿದ್ದೇವೆ.

ಅಡಿಕೆ ಮರದ ಸೋಗೆ ಹಳದಿಯಾಗಿದೆ ಅಂತ ಇಟ್ಟುಕೊಳ್ಳಿ. ಬಸಿಗಾಲುವೆ ಮುಚ್ಚಿ ಬುಡದಲ್ಲಿ ನೀರು ನಿಂತರೂ ಹಳದಿಯಾಗುತ್ತದೆ. ಗೊಬ್ಬರ ಸಾಲದಿದ್ದರೂ ಆಗುತ್ತದೆ, ಬೇರುಹುಳ ತಿಂದರೂ ಆಗುತ್ತದೆ, ಹಳದಿ ಎಲೆ ರೋಗ ಹೊಕ್ಕರೂ ಆಗುತ್ತದೆ. ನೋಡಲಿಕ್ಕೆ ಎಲ್ಲವೂ ಒಂದೇ ಹಳದಿ. ಯಾವುದು ಅಂತ ಗೊತ್ತಾಗಬೇಕಾದರೆ ತೋಟಕ್ಕೆ ಇಳಿಯಬೇಕು, ಬುಡ ಕೆದಕಬೇಕು, ಪಕ್ಕದ ತೋಟವನ್ನೂ ನೋಡಬೇಕು, ಕಳೆದ ವರ್ಷ ಏನು ಹಾಕಿದ್ದಿ ಅಂತ ಕೇಳಬೇಕು. ಅದೇನೂ ಇಲ್ಲದೆ ಸೀದಾ ಸಂಘದ ಗೋದಾಮಿಗೆ ಬಂದು 'ಎರಡು ಚೀಲ ಯೂರಿಯಾ ಕೊಡಿ' ಅನ್ನುವವರನ್ನು ನಮ್ಮ ಗುಮಾಸ್ತರು ದಿನಾ ನೋಡುತ್ತಾರೆ.

ಜ್ವರವೂ ಹಾಗೆಯೇ. ಅದು ಸೋಗೆಯ ಹಳದಿ ಇದ್ದ ಹಾಗೆ. ಒಳಗಿರುವ ರೋಗ ಬೇರೆ. ನಮ್ಮ ಮಲೆನಾಡಿನಲ್ಲಿ ಜ್ವರ ಅಂತ ಹೋದವರನ್ನು ಒಳ್ಳೆಯ ಡಾಕ್ಟ್ರು ಏನೇನು ಕೇಳುತ್ತಾರೆ ಗಮನಿಸಿದ್ದೀರಾ? ಎಷ್ಟು ದಿನದಿಂದ ಜ್ವರ? ಚಳಿ ನಡುಕ ಉಂಟಾ? ದರಕು ಗುಡಿಸಲಿಕ್ಕೆ ಕಾಡಿಗೆ ಹೋಗಿದ್ದಿರಾ? ಸುತ್ತಮುತ್ತ ಎಲ್ಲಾದರೂ ಮಂಗ ಸತ್ತಿದೆಯಾ? ಗದ್ದೆ ಕೆಸರಿನಲ್ಲಿ ನಿಂತಿದ್ದಿರಾ, ಕಾಲಲ್ಲಿ ಗಾಯ ಇತ್ತಾ? ಬೆಂಗಳೂರು, ಮಂಗಳೂರು ಕಡೆ ಹೋಗಿ ಬಂದಿದ್ದಿರಾ? 'ಇದೇನು ಪೊಲೀಸ್ನೋರ ಥರ ಕೇಳ್ತಾರಪ್ಪಾ' ಅಂತ ಹೊರಗೆ ಬಂದು ನಗುವವರಿದ್ದಾರೆ. ಆದರೆ ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ರೋಗ ಇದೆ. ಕಾಡು, ಉಣುಗು, ಸತ್ತ ಮಂಗ ಅಂದರೆ ಮಂಗನ ಕಾಯಿಲೆ. ಕೆಸರು, ಇಲಿ, ಕಾಲಿನ ಗಾಯ ಅಂದರೆ ಇಲಿಜ್ವರ. ಹಗಲು ಕಚ್ಚುವ ಸೊಳ್ಳೆಯಿಂದ ಡೆಂಗ್ಯೂ. ಚಳಿ ನಡುಕ, ಪರ ಊರಿನ ಪ್ರಯಾಣ ಅಂದರೆ ಮಲೇರಿಯಾವನ್ನೂ ಯೋಚಿಸಬೇಕು.

ಇದರಲ್ಲಿ ಇಲಿಜ್ವರ ಬ್ಯಾಕ್ಟೀರಿಯಾದಿಂದ ಬರುವುದು. ಅದಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ತರಹದ ಔಷಧಿ ಬೇಗ ಸಿಕ್ಕರೆ ರೋಗಿ ಉಳಿಯುತ್ತಾನೆ, ತಡವಾದರೆ ಮೂತ್ರಪಿಂಡ, ಯಕೃತ್ತು ಕೆಡುತ್ತವೆ. ಮಂಗನ ಕಾಯಿಲೆ, ಡೆಂಗ್ಯೂ ವೈರಸ್ಸಿನವು. ಅವಕ್ಕೆ ನೇರವಾದ ಮದ್ದಿಲ್ಲ. ನೀರಿನ ಅಂಶ ಕಾಯ್ದುಕೊಳ್ಳಬೇಕು, ರಕ್ತಸ್ರಾವ ಆಗುತ್ತದೆಯೋ ಅಂತ ದಿನಾ ನೋಡಬೇಕು, ಸರಿಯಾದ ಹೊತ್ತಿಗೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಈ ಎರಡು ರೋಗಗಳಲ್ಲಿ ಮೈಕೈ ನೋವಿಗೆಂದು ಡೈಕ್ಲೋಫಿನಾಕ್ ತರಹದ ಸೂಜಿ ಹಾಕಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಅದಕ್ಕೇ ಬರೀ ಪ್ಯಾರಾಸಿಟಮಾಲ್ ಕೊಟ್ಟು, 'ನೀರು ಕುಡಿಯಿರಿ, ನಾಳೆ ಮತ್ತೆ ಬಂದು ರಕ್ತ ಕೊಡಿ' ಅಂದ ಡಾಕ್ಟ್ರು ತಮ್ಮ ಕೆಲಸವನ್ನು ಪೂರ್ತಿ ಮಾಡಿದ ಹಾಗೆ. ನಮ್ಮ ಕಡೆ ಮಾತ್ರ ಸೂಜಿ ಹಾಕದವರು ಡಾಕ್ಟ್ರೇ ಅಲ್ಲ ಅನ್ನುವ ಮಾತು ಇನ್ನೂ ಹೋಗಿಲ್ಲ. ಸೂಜಿ ಹಾಕುವ ಇನ್ನೊಬ್ಬರನ್ನು ಹುಡುಕಿಕೊಂಡು ಬಸ್ಸು ಹತ್ತುತ್ತಾರೆ.

ಹಾವು ಕಡಿತದ ವಿಷಯ ತೆಗೆದುಕೊಳ್ಳಿ. ಡಾಕ್ಟ್ರು ಒಂದು ಶುಭ್ರವಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಅಂತ ತಿಳಿಯುತ್ತದೆ. ನಾಗರ, ಕಟ್ಟುಹಾವುಗಳ ವಿಷಕ್ಕೆ ರೆಪ್ಪೆ ಜೋಲುತ್ತದೆಯಾ, ಉಸಿರು ಎಳೆಯಲು ಕಷ್ಟವಾಗುತ್ತದೆಯಾ ಅಂತ ನೋಡುತ್ತಾರೆ. ಆ 20 ನಿಮಿಷ ಹೊರಗಿದ್ದವರು 'ಡಾಕ್ಟ್ರು ಸುಮ್ನೆ ಕೂತಿದಾರೆ' ಅಂತ ಕೂಗಾಡಿದ ಉದಾಹರಣೆಗಳಿವೆ. ಸುಮ್ಮನೆ ಕೂತಿರುವುದಿಲ್ಲ, ಕಾಯುತ್ತಿರುತ್ತಾರೆ. ಹಾವು ಕಡಿತ ಎಷ್ಟು ದೊಡ್ಡ ವಿಷಯ ಅಂದರೆ 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ರೋಗಿ ನೋಡುವುದು ಒಂದೇ ಕೆಲಸವಲ್ಲ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ನಿಯಮ. ಆ ಎಲ್ಲರ ಲಸಿಕೆ, ಬಾಣಂತಿಯರ ಲೆಕ್ಕ, ಕ್ಷಯರೋಗಿಗಳ ಮಾತ್ರೆ, ಶಾಲೆ ಹಾಸ್ಟೆಲ್ಲುಗಳ ತಪಾಸಣೆ, ಕುಡಿಯುವ ನೀರಿನ ಪರೀಕ್ಷೆ, ಮೇಲಿನವರಿಗೆ ತಿಂಗಳ ವರದಿ, ಎಲ್ಲ ಅವರ ಮೇಜಿಗೇ ಬರುತ್ತದೆ. ಹೊಡೆದಾಟವಾದರೆ ಗಾಯದ ಪ್ರಮಾಣಪತ್ರ, ಅಸಹಜ ಸಾವಾದರೆ ಶವಪರೀಕ್ಷೆ, ಅದಕ್ಕೆ ಕೋರ್ಟಿನಲ್ಲಿ ಸಾಕ್ಷಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ 80 ಜನ ಬಂದರೆ ಒಬ್ಬರಿಗೆ ಸಿಗುವುದು 3 ನಿಮಿಷ. ಆ 3 ನಿಮಿಷದಲ್ಲಿ ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳಿ, ಮುಟ್ಟಿ ನೋಡಿ, ಯಾವ ಜ್ವರ ಅಂತ ತೀರ್ಮಾನ ಮಾಡಬೇಕು.

ಮಕ್ಕಳೇ, ಈಗ ನಿಮ್ಮ ವಿಷಯಕ್ಕೆ ಬರೋಣ.

ಎಂ.ಬಿ.ಬಿ.ಎಸ್. ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಎಲ್ಲ ವಿಭಾಗಗಳಲ್ಲೂ ಸುತ್ತು ಹಾಕಿ ಮಾಡುವ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. ಸೇರಲು ನೀಟ್ ಪರೀಕ್ಷೆ ಬರೆಯಬೇಕು. ಭೌತ, ರಸಾಯನ, ಜೀವಶಾಸ್ತ್ರ ಸೇರಿ 180 ಪ್ರಶ್ನೆ, 720 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಇದನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಪೋಷಕರಿಗೆ ಗೊತ್ತಿರಬೇಕಾದ ಒಂದು ಮುಖ್ಯ ವಿಷಯ ಏನೆಂದರೆ, ರಾಜ್ಯದ ಸೀಟುಗಳಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯವರ ಸಹಿ ಮಾಡಿಸಬೇಕು. ಕೊನೆಯ ದಿನ ಓಡಾಡಬೇಡಿ. ಈಗಲೇ ಮಾಡಿಸಿ ಟ್ರಂಕಿನಲ್ಲಿಡಿ.

ಸರ್ಕಾರಿ ಸೀಟು ಸಿಕ್ಕರೆ ನಮ್ಮಂಥವರಿಗೂ ಆಗುವ ಖರ್ಚು. ಶಿವಮೊಗ್ಗದಲ್ಲೇ ಮೆಗ್ಗಾನ್ ಆಸ್ಪತ್ರೆಗೆ ಸೇರಿದಂತೆ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ತೋಟ ಮಾರಿ ಹೋಗುವವರಿಗೆ ನಾವು ಬೇಡ ಅಂತಲೇ ಹೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಕಡಿಮೆ ಖರ್ಚು ಅಂತ ಹೊರದೇಶಕ್ಕೆ ಹೋಗುವವರೂ ಇದ್ದಾರೆ. 2022ರಲ್ಲಿ ಉಕ್ರೇನಿನ ಯುದ್ಧದಲ್ಲಿ ನಮ್ಮ ಮಕ್ಕಳು ನೆಲಮಾಳಿಗೆಯಲ್ಲಿ ಕೂತಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ, ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಅಲ್ಲಿ ಪ್ರಾಣ ಬಿಟ್ಟ. ಅಲ್ಲಿ ಓದಿ ಬಂದವರು ಇಲ್ಲಿ ಮತ್ತೊಂದು ಪರೀಕ್ಷೆ ಪಾಸು ಮಾಡಿದರೇ ಡಾಕ್ಟ್ರು, ಇಲ್ಲದಿದ್ದರೆ ಇಲ್ಲ.

ಎಂ.ಬಿ.ಬಿ.ಎಸ್. ಆಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾದರೆ ಅಲ್ಲಿಗೇ ಅವರು ಪೂರ್ಣ ಡಾಕ್ಟ್ರು. ಇದನ್ನು ಒತ್ತಿ ಹೇಳುತ್ತೇವೆ, ಯಾಕೆಂದರೆ 'ಬರೀ ಎಂ.ಬಿ.ಬಿ.ಎಸ್.' ಅನ್ನುವ ಒಂದು ಕೆಟ್ಟ ಮಾತು ಶುರುವಾಗಿದೆ. ಮುಂದೆ ಓದುವವರಿಗೆ ಇನ್ನೊಂದು ಪ್ರವೇಶ ಪರೀಕ್ಷೆ, ಆಮೇಲೆ 3 ವರ್ಷ ಎಂ.ಡಿ. ಅಥವಾ ಎಂ.ಎಸ್. ಕೊಯ್ದು ಸರಿಮಾಡುವವರು ಸರ್ಜನ್. ಕೇಳಿ, ಮುಟ್ಟಿ, ಪರೀಕ್ಷೆ ಮಾಡಿಸಿ ಔಷಧಿಯಿಂದ ಗುಣ ಮಾಡುವವರು ಫಿಜಿಷಿಯನ್. ಹೃದಯ, ನರ, ಕಿಡ್ನಿ ಅಂತ ಒಂದೊಂದೇ ಅಂಗ ಹಿಡಿಯುವವರು ಮತ್ತೆ 3 ವರ್ಷ ಡಿ.ಎಂ. ಮಾಡುತ್ತಾರೆ. 18ಕ್ಕೆ ಸೇರಿದ ಹುಡುಗಿ ಒಂದು ವರ್ಷವೂ ತಪ್ಪದೆ ಓದಿದರೂ ಹೃದಯದ ಡಾಕ್ಟ್ರಾಗಿ ಹೊರಗೆ ಬರುವಾಗ 30ರ ಹತ್ತಿರ. ಅಡಿಕೆ ಸಸಿ ನೆಟ್ಟು ಕೊನೆ ಕಾಣುವುದಕ್ಕಿಂತ ಹೆಚ್ಚು ಕಾಲ. ಅಷ್ಟು ದಿನ ಮನೆಯವರಿಗೆ ತಾಳ್ಮೆ ಬೇಕು. 'ಇನ್ನೂ ಓದ್ತಾನೇ ಇದಾಳಾ' ಅಂತ ಮದುವೆ ಮನೆಗಳಲ್ಲಿ ಕೇಳುವುದನ್ನು ನಾವೆಲ್ಲ ನಿಲ್ಲಿಸಿದರೆ ಆ ಮಕ್ಕಳಿಗೆ ಅದೇ ದೊಡ್ಡ ಉಪಕಾರ.

ಹೃದಯ, ಮಿದುಳು ಅಂತ ಹೆಸರು ಕೇಳಿ ಓಡುವ ಮೊದಲು ಹೆಸರಿಲ್ಲದ ವಿಭಾಗಗಳನ್ನೂ ನೋಡಿ. ಅರಿವಳಿಕೆ ಡಾಕ್ಟ್ರ ಮುಖ ಯಾವ ರೋಗಿಗೂ ನೆನಪಿರುವುದಿಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಒಬ್ಬರು ಇಲ್ಲದ ದಿನ ಸಿಸೇರಿಯನ್ ನಿಲ್ಲುತ್ತದೆ, ಹೆರಿಗೆ ಹೆಂಗಸನ್ನು ಆಂಬುಲೆನ್ಸಿನಲ್ಲಿ ಜಿಲ್ಲೆಗೆ ಸಾಗಿಸಬೇಕಾಗುತ್ತದೆ. ಮನೋವೈದ್ಯರ ಕತೆಯೂ ಕೇಳಬೇಕಾದ್ದೇ. ಬೆಂಗಳೂರಿನ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಾಮೂಲಿ ಡಾಕ್ಟ್ರುಗಳಿಗೇ ಮಾನಸಿಕ ರೋಗದ ಚಿಕಿತ್ಸೆ ಕಲಿಸಿದರು. ಅದೇ ಮಾದರಿ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 'ಬರೀ ಎಂ.ಬಿ.ಬಿ.ಎಸ್.'ನವರ ಮೇಲೆ ನಂಬಿಕೆ ಇಟ್ಟು ಮಾಡಿದ ಕೆಲಸ ಅದು.

ಇನ್ನು ನೌಕರಿ. ಸರ್ಕಾರಿ ಸೇವೆಗೆ ಸೇರಿದರೆ ವೈದ್ಯಾಧಿಕಾರಿಯಿಂದ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿವರೆಗೆ ಮೆಟ್ಟಿಲಿದೆ. ಸೇವೆಯಲ್ಲಿದ್ದುಕೊಂಡೇ ಎಂ.ಡಿ. ಮಾಡಲು ಸೇವಾನಿರತರ ಕೋಟಾ ಇದೆ. ಇದು ಬಹಳ ಮಕ್ಕಳಿಗೆ ಗೊತ್ತಿಲ್ಲ. ರೈಲ್ವೆ ಮತ್ತು ಕೇಂದ್ರ ಸರ್ಕಾರದ ಆಸ್ಪತ್ರೆಗಳಿಗೆ ಯು.ಪಿ.ಎಸ್.ಸಿ. ಪರೀಕ್ಷೆ, ಸೈನ್ಯದಲ್ಲಿ ಆರ್ಮಿ ಮೆಡಿಕಲ್ ಕೋರ್, ಕಾರ್ಮಿಕರ ಇ.ಎಸ್.ಐ. ಆಸ್ಪತ್ರೆ, ಕಾಲೇಜಿನಲ್ಲಿ ಪಾಠ ಹೇಳುವುದು, ಪಟ್ಟಣದಲ್ಲಿ ಸ್ವಂತ ದವಾಖಾನೆ, ಇಂಗ್ಲೆಂಡು ಅಮೆರಿಕಕ್ಕೆ ಅಲ್ಲಿನ ಪರೀಕ್ಷೆ ಬರೆದು ಹೋಗುವುದು, ಎಲ್ಲ ದಾರಿಗಳೂ ಇವೆ.

ರೋಗಿಗಳ ಸಾಲೇ ಇಲ್ಲದ ಡಾಕ್ಟ್ರುಗಳೂ ಇದ್ದಾರೆ. ನಮ್ಮ ಜಿಲ್ಲೆಯ ಮಕ್ಕಳು ಇದನ್ನು ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸ್ಯಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಸತ್ತರು. ಆಫ್ರಿಕಾದ ಕಡೆಯ ಹಳದಿ ಜ್ವರ ನಮ್ಮ ದೇಶಕ್ಕೂ ಬಂತೋ ಎಂದು ಮೊದಲು ಭಯವಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನಲ್ಲಿ ತಿರುಗಿ, ಸತ್ತ ಮಂಗಗಳನ್ನು ಪರೀಕ್ಷಿಸಿ, ಉಣುಗು ಹಿಡಿದು, ಇದು ಬೇರೆಯೇ ಒಂದು ಹೊಸ ವೈರಸ್ ಎಂದು ಕಂಡುಹಿಡಿದರು. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಆ ರೋಗಕ್ಕೆ ಕ್ಯಾಸನೂರು ಎಂದೇ ಹೆಸರು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಮತ್ತೆ ಎದ್ದು ಹಲವರನ್ನು ಬಲಿ ತೆಗೆದುಕೊಂಡಿತು. ಅಂದರೆ ಆ ಕೆಲಸ ಇನ್ನೂ ಮುಗಿದಿಲ್ಲ, ಅದಕ್ಕೆ ಈ ಕಾಡು ಬಲ್ಲ ಮಕ್ಕಳೇ ಬಂದರೆ ಒಳ್ಳೆಯದು.

ಡಾಕ್ಟ್ರು ಓದಿ ಬೇರೆ ಕಡೆ ತಿರುಗಿದವರನ್ನೂ ನೆನೆಯೋಣ. 'ಕೊರವಂಜಿ' ಪತ್ರಿಕೆ ನಡೆಸಿದ ರಾ.ಶಿ. ವೃತ್ತಿಯಲ್ಲಿ ಡಾಕ್ಟ್ರು. ಕಾದಂಬರಿಗಾರ್ತಿ ಅನುಪಮಾ ನಿರಂಜನರೂ ಡಾಕ್ಟ್ರು. ನಮ್ಮ ಸಂಘದ ಪಿಗ್ಮಿ ಪುಸ್ತಕ ಎಲ್ಲರ ಮನೆಯಲ್ಲೂ ಇದೆಯಲ್ಲ, ಆ ಪಿಗ್ಮಿ ಹುಟ್ಟಿದ್ದು 1928ರಲ್ಲಿ, ದಿನಕ್ಕೆ ಎರಡಾಣೆಯಿಂದ. ಅದನ್ನು ತಂದ ಬ್ಯಾಂಕನ್ನು 1925ರಲ್ಲಿ ಉಡುಪಿಯಲ್ಲಿ ಕಟ್ಟಿದವರಲ್ಲಿ ಒಬ್ಬರು ಡಾ. ಟಿ.ಎಂ.ಎ. ಪೈ. ರೋಗಿ ನೋಡುವ ಡಾಕ್ಟ್ರಾಗಿದ್ದವರು. 1953ರಲ್ಲಿ ಮಣಿಪಾಲದ ಮೆಡಿಕಲ್ ಕಾಲೇಜು ತೆರೆದವರೂ ಅವರೇ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಯಾರೂ ಅವರಿಂದ ಬಾಂಡ್ ಬರೆಸಿಕೊಂಡಿರಲಿಲ್ಲ.

ಸಹಕಾರಿಗಳಾದ ನಮಗೆ ಇನ್ನೊಬ್ಬರ ಋಣವೂ ಇದೆ. ಯಶಸ್ವಿನಿ ಯೋಜನೆಯ ಹಿಂದೆ ಹೃದಯದ ಸರ್ಜನ್ ಡಾ. ದೇವಿ ಶೆಟ್ಟಿಯವರ ಯೋಚನೆ ಇತ್ತು. 2003ರಲ್ಲಿ ಅದು ಜಾರಿಗೆ ಬಂದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ತಿಂಗಳಿಗೆ ಐದೇ ರೂಪಾಯಿ. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಯಿತು. ಆದರೆ ಯಶಸ್ವಿನಿ ಮುಖ್ಯವಾಗಿ ಆಪರೇಷನ್ನಿಗೆ. ಬಿ.ಪಿ. ಹತೋಟಿಯಲ್ಲಿಟ್ಟು ಲಕ್ವ ಹೊಡೆಯದಂತೆ ನೋಡಿಕೊಂಡ ಡಾಕ್ಟ್ರ ಕೆಲಸಕ್ಕೆ ಕಾರ್ಡೂ ಇಲ್ಲ, ಬಿಲ್ಲೂ ಇಲ್ಲ, ಫೋಟೋನೂ ಇಲ್ಲ. ಆಗದೆ ಹೋದ ಲಕ್ವವನ್ನು ಯಾರಿಗೆ ತೋರಿಸುವುದು? ಆ ಕೆಲಸ ಮಾಡುವವರು ನಮ್ಮ ಊರಿನ ಆರೋಗ್ಯ ಕೇಂದ್ರದ ಡಾಕ್ಟ್ರು. ಒಬ್ಬರೇ ಡಾಕ್ಟ್ರು ಐದು ವರ್ಷ ಒಂದು ಕಡೆ ಇದ್ದರೆ ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ, ಯಾರಿಗೆ ಯಾವ ಮಾತ್ರೆ ಆಗುವುದಿಲ್ಲ, ಯಾರು ಮಾತ್ರೆ ನಿಲ್ಲಿಸಿದ್ದಾರೆ ಎಲ್ಲ ಬಾಯಲ್ಲಿರುತ್ತದೆ. ವರ್ಷಕ್ಕೊಬ್ಬರು ಬದಲಾದರೆ ಪ್ರತಿ ಸಲ ಮೊದಲಿನಿಂದ.

ಈಗ ಬಾಂಡಿನ ವಿಷಯ. ಸಲಹೆ ಕೊಟ್ಟ ಸದಸ್ಯರ ಕಳಕಳಿ ನಮಗೆ ಅರ್ಥವಾಗುತ್ತದೆ. ನಮ್ಮ ದುಡ್ಡಲ್ಲಿ ಓದಿ ಬೆಂಗಳೂರಿಗೆ ಹೋದರೆ ಏನು ಬಂತು ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೂ ನಾವು ಇದನ್ನು ಒಪ್ಪುವುದಿಲ್ಲ. ಸರ್ಕಾರವೇ 2012ರಲ್ಲಿ ಕಾಯ್ದೆ ಮಾಡಿ, ಓದು ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕೆಂದಿತು. 2023ರಲ್ಲಿ ತಿದ್ದುಪಡಿ ಮಾಡಿ ಖಾಲಿ ಹುದ್ದೆ ಇದ್ದಷ್ಟಕ್ಕೆ ಅಂತ ಸಡಿಲ ಮಾಡಬೇಕಾಯಿತು. ಕಡ್ಡಾಯಕ್ಕೆ ಬಂದವರು ಮೊದಲ ದಿನದಿಂದ ಕ್ಯಾಲೆಂಡರ್ ನೋಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. 18 ವರ್ಷದ ಮಗುವಿಗೆ ತನಗೆ ಹೆರಿಗೆ ವಾರ್ಡು ಒಗ್ಗುತ್ತದೋ ಪ್ರಯೋಗಶಾಲೆ ಒಗ್ಗುತ್ತದೋ ಅಂತಲೇ ಗೊತ್ತಿರುವುದಿಲ್ಲ. ಆ ವಯಸ್ಸಿನಲ್ಲಿ 25ರ ಬದುಕಿಗೆ ಸಹಿ ಹಾಕಿಸಿಕೊಳ್ಳುವುದು ಸಂಘಕ್ಕೆ ಶೋಭೆಯಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಹಾಲು ಕೊಟ್ಟೀತು, ಮನುಷ್ಯರ ವಿಷಯ ಬೇರೆ.

ನಮ್ಮ ಸೂಚನೆ ಇದು. ವಿದ್ಯಾನಿಧಿಯ ಅರ್ಧ ಹಣವನ್ನು ಯಾವ ಷರತ್ತೂ ಇಲ್ಲದೆ ಬಡ್ಡಿರಹಿತ ಸಾಲವಾಗಿ ಮಕ್ಕಳಿಗೆ ಕೊಡೋಣ, ದುಡಿಮೆ ಶುರುವಾದ ಮೇಲೆ ಕಂತಿನಲ್ಲಿ ಕಟ್ಟಲಿ. ಇನ್ನರ್ಧವನ್ನು ಆರೋಗ್ಯ ಕೇಂದ್ರದ ಡಾಕ್ಟ್ರ ವಸತಿಗೃಹಕ್ಕೆ ಹಾಕೋಣ. ಅದರ ಹೆಂಚು ಸೋರುತ್ತದೆ, ಬಾವಿಯ ಪಂಪು ಕೆಟ್ಟಿದೆ, ಅಂಗಳದಲ್ಲಿ ದೀಪ ಇಲ್ಲ. ಮಳೆಗಾಲದ ರಾತ್ರಿ ಒಬ್ಬ ಹೆಣ್ಣುಮಗಳು ಡಾಕ್ಟ್ರು ಆ ಮನೆಯಿಂದ ಆಸ್ಪತ್ರೆಗೆ ನಡೆದು ಹೋಗಬೇಕು ಅಂದರೆ ನಮ್ಮ ಮನೆ ಮಗಳನ್ನು ಕಳಿಸುತ್ತೇವಾ? ಇಲಾಖೆಯ ಅನುಮತಿ ಬೇಕು, ಆರೋಗ್ಯ ರಕ್ಷಾ ಸಮಿತಿಯ ಮೂಲಕ ಅರ್ಜಿ ಕೊಡಬಹುದು. ಹಾಗೆಯೇ, ರೋಗಿ ತೀರಿಕೊಂಡಾಗ ಗುಂಪುಗೂಡಿ ಡಾಕ್ಟ್ರ ಮೇಲೆ ಕೈ ಮಾಡುವುದರ ವಿರುದ್ಧ 2009ರಿಂದಲೇ ರಾಜ್ಯದಲ್ಲಿ ಕಾಯ್ದೆ ಇದೆ. ನಮ್ಮ ಊರಿನಲ್ಲಿ ಆ ಕಾಯ್ದೆ ಕೆಲಸಕ್ಕೆ ಬರುವ ಸಂದರ್ಭವೇ ಬರದಂತೆ ನೋಡಿಕೊಳ್ಳುವುದು ಹಿರಿಯರ ಕೈಲಿದೆ. ನಮ್ಮ ಮಕ್ಕಳು ಡಾಕ್ಟ್ರಾಗಿ ಬರುವ ಹೊತ್ತಿಗೆ ಇನ್ನೂ ಹತ್ತು ವರ್ಷ ಬೇಕು. ಅಲ್ಲಿವರೆಗೆ ಬೇರೆ ಯಾವುದೋ ಊರಿನ ಮಗಳೋ ಮಗನೋ ಇಲ್ಲಿ ಕೂತು ನಮ್ಮ ಜ್ವರ ನೋಡಬೇಕಲ್ಲ.

ಮಹಾಸಭೆಯಲ್ಲಿ ಎರಡೂ ಸಲಹೆಗಳು ಬರುತ್ತವೆ, ಎಲ್ಲರೂ ಬನ್ನಿ, ಹೆಂಗಸರೂ ಬನ್ನಿ, ಕೈ ಎತ್ತಿ ಹೇಳಿ. ವಿದ್ಯಾನಿಧಿಯ ಅರ್ಜಿ ನಮೂನೆ ಕಾರ್ಯದರ್ಶಿಯವರ ಹತ್ತಿರ ಇದೆ. ಊಟ ಆದ ಮೇಲೆ ಗೋದಾಮಿನ ಪಕ್ಕದ ಕೊಠಡಿಯಲ್ಲಿ ಬಿ.ಪಿ. ಮತ್ತು ಸಕ್ಕರೆ ತಪಾಸಣೆ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಹಳೆಯ ಚೀಟಿ ಇದ್ದವರು ತಪ್ಪದೆ ತನ್ನಿ, ಡಾಕ್ಟ್ರು ಮೊದಲು ಕೇಳುವುದು ಅದನ್ನೇ.